ಗಿಡ್ಡ ಲಿವರು, ಹಿತ್ತಾಳೆ ಬಿಲ್ಲೆ

ನಾನು ನಿಂತಿದ್ದದ್ದು ಲಾರಿಯ ಎಡಗಡೆ, ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ, ಕೆರೆ ಏರಿಯಿಂದ ಅಂಗಳಕ್ಕೆ ಇಳಿಯುವ ಗಾಡಿದಾರಿಯ ಅಂಚಿನಲ್ಲಿ. ಕೊತ್ತಗೆರೆ ಕಡೆಯ ಕೆರೆ. ಯುಗಾದಿ ಕಳೆದ ಮೇಲಿನ ಮೊದಲ ಮಂಗಳವಾರ, ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಎಲ್ಲಿ ನಿಂತಿದ್ದೆ ಎಂಬುದು ಗೊತ್ತಾಗದೆ ಏನು ಕಂಡೆ ಎಂಬುದಕ್ಕೆ ಬೆಲೆಯಿಲ್ಲ. ಆ ದಿನ ಊರೆಲ್ಲ ಮಾತಾಡಿತು. ಮಾತಾಡಿದವರಲ್ಲಿ ಹೆಚ್ಚಿನವರು ಬಂದದ್ದು ಕೂಗು ಕೇಳಿದ ಮೇಲೆ. ನಾನು ಕೂಗಿಗೆ ಮುಂಚೆಯೇ ಅಲ್ಲಿದ್ದೆ.

ಆಗ ನನಗೆ ಇಪ್ಪತ್ತೈದರ ಆಸುಪಾಸು. ತುಮಕೂರಿನ ಶಿರಾ ಗೇಟ್ ಹತ್ತಿರ ಪುಟ್ಟಾಚಾರ್ ಮೇಸ್ತ್ರಿಯವರ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಕೆರೆಯ ಹತ್ತಿರ ನಿಂತಿದ್ದ ಲಾರಿ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪನವರದು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಕೊಂಡು ತಂದಿದ್ದರು. ಉದ್ದ ಮೂತಿ, ಎತ್ತರದ ಚಕ್ರ, ಬಾಗಿಲಿನ ಜಾಗದಲ್ಲಿ ಕ್ಯಾನ್ವಾಸ್ ಪರದೆ. ಅದರ ಹೊಟ್ಟೆಯಡಿ ಒಂದು ವಿಂಚ್ ಇತ್ತು, ಅಂದರೆ ಕಬ್ಬಿಣದ ಹಗ್ಗವನ್ನು ಸುತ್ತಿಕೊಂಡು ಭಾರ ಎಳೆಯುವ ಉರುಳೆ. ಸುತ್ತಮುತ್ತ ಎಲ್ಲಿ ಏನು ಹೂತುಹೋದರೂ ಆ ಲಾರಿಯನ್ನೇ ಕರೆಸುತ್ತಿದ್ದರು. ಓಡಿಸುತ್ತಿದ್ದವನು ನರಸಿಂಹಯ್ಯ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ ನಾವು ಏಕವಚನದ ಸ್ನೇಹಿತರು. ವಿಂಚಿನ ಚೈನು ತೊಂದರೆ ಕೊಡುತ್ತಿದೆ ಎಂದು ಮೇಸ್ತ್ರಿ ಆ ದಿನ ನನ್ನನ್ನು ಅವನ ಜೊತೆ ಕಳಿಸಿದ್ದರು.

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಒಂದು ವಿಷಯ ಬಿಡಿಸಿ ಹೇಳಬೇಕು. ಇಂಥ ಲಾರಿಗಳಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಬಾಕ್ಸ್ ಇರುತ್ತದೆ. ಅದು ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಹಂಚುತ್ತದೆ. ಅದರ ಹೆಸರು ಟ್ರಾನ್ಸ್‌ಫರ್ ಕೇಸ್. ನಮ್ಮ ಮೇಸ್ತ್ರಿ ಮರಿ ಬಾಕ್ಸು ಅನ್ನುತ್ತಿದ್ದರು. ಡ್ರೈವರನ ಎಡಗೈ ಹತ್ತಿರ ಗೇರಿನ ಉದ್ದ ಲಿವರು, ಅದರ ಬುಡದಲ್ಲಿ ಮರಿ ಬಾಕ್ಸಿನ ಗಿಡ್ಡ ಲಿವರು. ಗಿಡ್ಡ ಲಿವರನ್ನು ನ್ಯೂಟ್ರಲಿಗೆ ತಂದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ. ವಿಂಚ್ ತಿರುಗಿಸುವಾಗ ಹಾಗೇ ಮಾಡಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಕೆಲಸ ಮುಗಿದ ಮೇಲೆ ಗಿಡ್ಡ ಲಿವರನ್ನು ವಾಪಸ್ಸು ಹಾಕುವುದು ಮರೆತರೆ, ಉದ್ದ ಲಿವರು ಯಾವ ಗೇರಿನಲ್ಲಿದ್ದರೂ ಗಾಡಿ ನಿಲ್ಲುವುದಿಲ್ಲ. ಆ ಲಾರಿಗೆ ಹ್ಯಾಂಡ್ ಬ್ರೇಕು ಹೆಸರಿಗಷ್ಟೇ ಇತ್ತು. ಇದು ಎಲ್ಲರಿಗೂ ಗೊತ್ತಿತ್ತು.

ಕೆರೆ ಒಣಗಿತ್ತು, ನಡುವೆ ಮಾತ್ರ ಕೆಸರಿತ್ತು. ರೈತರು ಗೋಡುಮಣ್ಣನ್ನು, ಅಂದರೆ ಕೆರೆಯ ಹೂಳನ್ನು, ಹೊಲಕ್ಕೆ ಹೊಡೆಯುತ್ತಿದ್ದರು. ನರಸಿಂಹಯ್ಯನ ಅಕ್ಕ ಗೌರಮ್ಮನ ಗಂಡ ಹನುಮಂತರಾಯಪ್ಪ ಮಣ್ಣು ತುಂಬಿದ್ದ ಟ್ರೈಲರು ಕೆಸರಲ್ಲಿ ಹೂತಿತ್ತು. ಲಾರಿಯ ಮೂತಿ ಏರಿಯ ಕಡೆ, ಹಿಂಭಾಗ ಕೆರೆಯ ಕಡೆ. ಹಗ್ಗ ಹಿಂದಕ್ಕೆ ಬಿಟ್ಟು ಟ್ರೈಲರನ್ನು ಇಳಿಜಾರಿನ ಗಟ್ಟಿ ನೆಲದವರೆಗೆ ಎಳೆದರು. ಮುಂದಕ್ಕೆ ಹೋಗಬೇಕೆಂದು ನರಸಿಂಹಯ್ಯ ಚಕ್ರದ ಕಲ್ಲುಗಳನ್ನು ತೆಗೆಸಿದ. ಅಷ್ಟರಲ್ಲಿ ಹಿಂದಿನಿಂದ ಹನುಮಂತರಾಯಪ್ಪ ಕೂಗಿದರು.

"ಲೋ ಬಾಮೈದ, ಕೊಕ್ಕೆ ಕಚ್ಕಂಡೈತೆ, ನಂಗ್ ಬರ್ತಿಲ್ಲ. ಇಳ್ದು ಬಾರ್ಲಾ."

"ಮದ್ವೇಲಿ ನಮ್ಮಕ್ಕನ ಕೈ ಹಿಡ್ದಾಗ ಇದ್ದ ಜೋರು ಎಲ್ಲೋಯ್ತು ಭಾವ?" ಎಂದು ನರಸಿಂಹಯ್ಯ ಕೂತಲ್ಲಿಂದಲೇ ನಗಾಡಿದ.

ಆಮೇಲೆ ನಾನು ಕಂಡದ್ದು ಇದು. ಎಂಜಿನ್ ಕವರು ಅಡ್ಡವಿದ್ದುದರಿಂದ ಅವನ ಕೈ ನನಗೆ ಕಾಣಲಿಲ್ಲ. ಎಡ ಭುಜ ಕಂಡಿತು. ಭುಜ ಎರಡು ಸಲ ಬಗ್ಗಿತು. ಒಂದು ಸಲ ಆಳವಾಗಿ, ಇನ್ನೊಂದು ಸಲ ಸ್ವಲ್ಪ. ಆಳವಾಗಿ ಬಗ್ಗದೆ ಗಿಡ್ಡ ಲಿವರು ಕೈಗೆ ಸಿಗುವುದಿಲ್ಲ. ಆಮೇಲೆ ಎಂಜಿನ್ ನಿಂತಿತು. ಅವನು ಆಚೆ ಬದಿಯಿಂದ ಇಳಿದ. ಗಾಡಿ ಎತ್ತರವಾದ್ದರಿಂದ ಅದರ ಅಡಿಯಿಂದ ನನಗೆ ಅವನ ಕಾಲು ಕಾಣುತ್ತಿತ್ತು. ಗೇರಿನಲ್ಲಿ ಬಿಟ್ಟಿದ್ದರೂ ಅವನು ಬಗ್ಗಿ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಲಾರಿ ನಿಂತೇ ಇತ್ತು, ಬೀಡಿ ಹಚ್ಚಿ ಒಂದು ದಮ್ಮು ಎಳೆಯುವಷ್ಟು ಹೊತ್ತು. ಆಗ ಅದರ ಹೊಟ್ಟೆಯೊಳಗೆ ಒಂದು ಸದ್ದಾಯಿತು. ಜೋರಾಗಿಯೇನಲ್ಲ, ಹಲ್ಲಿಗೆ ಹಲ್ಲು ತಾಗಿದಂಥ 'ಟಕ್'. ಲಾರಿ ಹಿಂದಕ್ಕೆ ಹೊರಟಿತು.

ನರಸಿಂಹಯ್ಯ ಕಲ್ಲನ್ನು ಚಕ್ರದಡಿಗೆ ಎಸೆದ. ಚಕ್ರ ಅದನ್ನು ಹತ್ತಿ ಇಳಿಯಿತು. ಹನುಮಂತರಾಯಪ್ಪನವರ ಬಲಗಾಲು ಲಾರಿಗೂ ಟ್ರೈಲರಿಗೂ ನಡುವೆ ಸಿಕ್ಕಿತು.

ಆ ಕೂಗನ್ನು ನಾನು ಇಲ್ಲಿ ಬರೆಯಲಾರೆ.

ಅವರನ್ನು ಕುಣಿಗಲ್ ಆಸ್ಪತ್ರೆಗೆ ಸೇರಿಸಿದೆವು. ಕಾಲು ಉಳಿಯಿತು, ಆದರೆ ಮಂಡಿ ಮಡಚದ ಕಾಲು. ಸಂಜೆ ಮೇಸ್ತ್ರಿ ಬಸ್ಸಿನಲ್ಲಿ ಬಂದರು. ನೇರವಾಗಿ ಲಾರಿ ಹತ್ತಿ ಗಿಡ್ಡ ಲಿವರಿನ ಮೇಲೆ ಕೈಯಿಟ್ಟು ನೋಡಿದರು. ಇಳಿದು ಬಂದು "ನ್ಯೂಟ್ರಲ್‌ನಾಗೈತೆ" ಎಂದರು. ಅಲ್ಲಿಗೆ ತೀರ್ಮಾನವಾಗಿಹೋಯಿತು. ವಿಂಚ್ ಮುಗಿದ ಮೇಲೆ ಡ್ರೈವರ್ ಮರೆತಿದ್ದಾನೆ.

ನಾನು ಕಂಡದ್ದನ್ನು ಹೇಳಿದೆ. ಭುಜ ಎರಡು ಸಲ ಬಗ್ಗಿತು ಎಂದೆ. ಲಾರಿ ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಟಕ್ ಅಂದಿತು ಎಂದೆ.

"ಭುಜ ನೋಡಿ ಗೇರ್ ಹೇಳೋನ್ ನೀನೊಬ್ನೇ ಕಣೋ ಸಿದ್ಲಿಂಗ" ಎಂದರು ಚನ್ನಬಸಪ್ಪನವರು. ಸುತ್ತ ನಿಂತವರು ಅಂಥ ಹೊತ್ತಿನಲ್ಲೂ ನಕ್ಕರು. ಲಾರಿ ನಿಂತಿದ್ದು ಚಕ್ರ ಮಣ್ಣು ಕಚ್ಚಿದ್ದರಿಂದ, ಟಕ್ ಎಂದದ್ದು ಹಗ್ಗ ಸಡಿಲಾದ ಸದ್ದು ಎಂದು ಒಬ್ಬರು ವಿವರಿಸಿದರು. ಮೇಸ್ತ್ರಿ ಕೆರೆಯ ಕಡೆ ನೋಡುತ್ತಿದ್ದರು.

ಗೌರಮ್ಮ ಆಸ್ಪತ್ರೆಯ ಬಾಗಿಲಲ್ಲಿ ತಮ್ಮನನ್ನು ತಡೆದರು. "ಹಾಕಿದ್ದೆ ಅಕ್ಕ, ನಿನ್ನಾಣೆ ಲಿವರು ಹಾಕಿದ್ದೆ" ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. "ಮರ್ತೆ ಅನ್ನು, ಒಂದ್ಸಲ ಮರ್ತೆ ಅನ್ನು, ಹೊಟ್ಟೆಗೆ ಹಾಕ್ಕೊಂತೀನಿ. ತಪ್ಪು ಮಾಡಿ ಸುಳ್ಳೂ ಹೇಳ್ತೀಯಲ್ಲೋ. ನನ್ ಹೊಸ್ಲು ತುಳೀಬ್ಯಾಡ" ಎಂದರು. ಮರೆತೆ ಎಂದಿದ್ದರೆ ಅವನಿಗೆ ಅಕ್ಕನ ಮನೆ ಉಳಿಯುತ್ತಿತ್ತು. ಅವನು ಅನ್ನಲಿಲ್ಲ.

ಚನ್ನಬಸಪ್ಪನವರು ಆ ಲಾರಿ ತಮಗೆ ಆಗಿಬರುವುದಿಲ್ಲವೆಂದು ಗುಬ್ಬಿಯ ಕೊಬ್ಬರಿ ಶೆಡ್ಡಿಗೆ ಎಳೆಸಿ ನಿಲ್ಲಿಸಿಬಿಟ್ಟರು. ನರಸಿಂಹಯ್ಯ ಸ್ಟೀರಿಂಗ್ ಮುಟ್ಟುವುದನ್ನೇ ಬಿಟ್ಟ. ಹೆಬ್ಬೂರಿನಲ್ಲಿ ಹೆಂಡತಿಯ ಮನೆಯವರ ಜಾಗದಲ್ಲಿ ಉಳಿದ. ತಿಂಗಳು ಕಳೆಯುವುದರೊಳಗೆ ಮೇಸ್ತ್ರಿ ತಾವೇ ಹೋಗಿ ಅವನನ್ನು ಗ್ಯಾರೇಜಿಗೆ ಕರೆತಂದರು. ಬಿಚ್ಚಿದ ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಟ್ಟೆಯ ಮೇಲೆ ಸಾಲಾಗಿ ಜೋಡಿಸುವ ಕೆಲಸ. ಡ್ರೈವರನಾಗಿದ್ದವನಿಗೆ ಅದು ಇಳಿದ ಕೆಲಸವೇ. ಆದರೂ ವರ್ಷಗಟ್ಟಲೆ ಮಾಡಿದ.

ಆ ಗ್ಯಾರೇಜಿನ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಗಾಜಿನ ಬಾಗಿಲು ತಳ್ಳಿದರೆ ತಣ್ಣನೆಯ ಗಾಳಿ ಬರುತ್ತದೆ. ನಾನು ಒಂದೆರಡು ಸಲ ಏನೂ ಬೇಡದಿದ್ದರೂ ಒಳಗೆ ಹೋಗಿ ನಿಂತು ಬಂದಿದ್ದೇನೆ. ಬಿಲ್ ಹಾಕುವ ಮೇಜಿರುವ ಜಾಗದಲ್ಲಿ ನಮ್ಮ ಗುಂಡಿ ಇತ್ತು, ಗಾಡಿಯ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿ.

ಮೇಸ್ತ್ರಿ ಕಮ್ಮಾರಿಕೆಯ ಮನೆತನದವರು. ಲಾರಿ ಕೆಲಸಕ್ಕೆ ಬಂದಮೇಲೂ ಲೋಹ ಉಜ್ಜುವ ಅರ ಹಿಡಿದಾಗ ಅವರ ಕೈ ಬೇರೆಯೇ ಆಗುತ್ತಿತ್ತು. ಗೇರ್‌ಬಾಕ್ಸ್ ಕಟ್ಟಿದ ಮೇಲೆ ಸುತ್ತಿಗೆಯ ಮರದ ಹಿಡಿಯನ್ನು ಬಾಕ್ಸಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. "ಎರಡನೇ ಬೇರಿಂಗು ಅಳ್ತೈತೆ, ಬಿಚ್ಚು" ಅನ್ನುವರು. ಅರ್ಧ ದಿನದ ಕೆಲಸ ಮತ್ತೆ ಬಿಚ್ಚಬೇಕಲ್ಲ ಎಂದು ನಾನು ಗೊಣಗಿದರೆ, "ನಿನ್ ಕಿವೀಲಿ ಅಳೋದು ಕೇಳೋಗಂಟ ನಿನ್ನ ಗೊಣಗಾಟ ನಂಗ್ ಕೇಳಲ್ಲ" ಎನ್ನುವರು. ಬಿಚ್ಚಿದರೆ ಎರಡನೆಯ ಬೇರಿಂಗೇ ಇರುತ್ತಿತ್ತು. ಒಂದು ಸಲ ಇರಲಿಲ್ಲ, ಮೂರನೆಯದಾಗಿತ್ತು. ಆಗ ಅವರು ನಮಗೆಲ್ಲ ಟೀ ಕೊಡಿಸಿದರು. ನರಸಿಂಹಯ್ಯ ಸೀಮೆಎಣ್ಣೆ ಟ್ರೇ ಮುಂದೆ ಕೂತು, "ಮೇಸ್ತ್ರಿ, ವಾರಕ್ಕೊಂದ್ಸಲಾನಾದ್ರೂ ಹಿಂಗೆ ತಪ್ಪು ಮಾಡ್ರೀ" ಎಂದಿದ್ದ.

ಮೇಸ್ತ್ರಿಯವರ ಎರಡು ಅಭ್ಯಾಸಗಳನ್ನು ನೆನಪಿಡಿ. ಯಾವ ಬಾಕ್ಸ್ ಮುಚ್ಚಿದರೂ ಬೋಲ್ಟಿನ ತಲೆಯಿಂದ ಬಾಕ್ಸಿನ ಮೈಗೆ ಹಸಿರು ಪೇಂಟಿನ ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಮುರಿದಿದ್ದರೆ ಬೇರೆ ಯಾರೋ ಬಿಚ್ಚಿದ್ದಾರೆ ಎಂದು ಅರ್ಥ. ಇನ್ನೊಂದು, ಸವೆದ ಜಾಗಕ್ಕೆ ಕೊಡಲು ಅವರು ಹಳೆಯ ಸ್ಟವ್ವಿನ ಹಿತ್ತಾಳೆಯಿಂದ ಬಿಲ್ಲೆಗಳನ್ನು ಅರದಲ್ಲಿ ಉಜ್ಜಿ ಮಾಡುತ್ತಿದ್ದರು. ತಾವು ಮಾಡಿದ ಪ್ರತಿ ಬಿಲ್ಲೆಯ ಮೇಲೂ ಅಡ್ಡಗೀಟು ಹಾಕಿ ಒಂದು ಗುರುತು ಮಾಡುತ್ತಿದ್ದರು. ಆಗಿನ ಕಾಲದಲ್ಲಿ ಮಿಲಿಟರಿ ಗಾಡಿಯ ಸಾಮಾನು ಸಿಗುತ್ತಿರಲಿಲ್ಲ. ಒಂದು ಗಾಡಿಯದನ್ನು ಇನ್ನೊಂದಕ್ಕೆ ಹೊಂದಿಸುವುದೇ ಜಾಣತನವಾಗಿತ್ತು. ಮೇಸ್ತ್ರಿ ಅದರಲ್ಲಿ ಹೆಸರಾದವರು.

ಆದರೆ ಆ ಬೇಸಿಗೆಯ ನಂತರ ಅವರು ಬದಲಾದರು. ಸ್ಪ್ರಿಂಗು, ಲಾಕು, ಪಿನ್ನು ಇಂಥವುಗಳಲ್ಲಿ ಬೇರೆ ಗಾಡಿಯದನ್ನು ಹಾಕಲು ಬಿಡುತ್ತಿರಲಿಲ್ಲ. ಅದೇ ಸಾಮಾನು ಬೆಂಗಳೂರಿನಿಂದ ಬರುವವರೆಗೆ ಗಾಡಿ ಗುಂಡಿಯ ಮೇಲೆಯೇ ನಿಲ್ಲುತ್ತಿತ್ತು. ಲಾರಿ ಮಾಲೀಕರು ಬೈದು ಬೇರೆ ಕಡೆ ಹೋದರು. "ಮೇಸ್ತ್ರಿಗೆ ವಯಸ್ಸಾಯ್ತು, ಧೈರ್ಯ ಹೋಯ್ತು" ಎಂದು ಪಕ್ಕದ ಗ್ಯಾರೇಜಿನವರು ಆಡಿಕೊಂಡರು. ನಾವೂ ಹಾಗೇ ಅಂದುಕೊಂಡೆವು. ಮಧ್ಯಾಹ್ನದ ಊಟಕ್ಕೆ ಕೂತಾಗ ಮೇಸ್ತ್ರಿ ತಮ್ಮ ಡಬ್ಬಿಯ ಮುದ್ದೆಯನ್ನು ಎರಡು ಮಾಡಿ ಒಂದನ್ನು ನರಸಿಂಹಯ್ಯನ ತಟ್ಟೆಗೆ ಇಡುತ್ತಿದ್ದರು. ಪ್ರತಿದಿನ. ಬೇಡ ಎಂದರೂ ಇಡುತ್ತಿದ್ದರು. ಅದನ್ನು ಮೇಸ್ತ್ರಿಯ ದೊಡ್ಡ ಮನಸ್ಸು ಅಂದುಕೊಂಡಿದ್ದೆವು.

ಮೇಸ್ತ್ರಿ ತೀರಿಕೊಂಡರು. ಗ್ಯಾರೇಜು ಮುಚ್ಚಿತು. ನಾನು ಲಾರಿ ಕಂಪನಿಯೊಂದರ ಸರ್ವಿಸ್ ಸೆಂಟರಿಗೆ ಸೇರಿದೆ. ಅಲ್ಲಿ ಕಂಪ್ಯೂಟರ್ ವೈರು ಚುಚ್ಚಿದರೆ ಏನು ಕೆಟ್ಟಿದೆ ಎಂದು ಪರದೆಯ ಮೇಲೆ ಬರುತ್ತಿತ್ತು. ಕೆಟ್ಟದ್ದನ್ನು ಬಿಚ್ಚಿ ನೋಡುವ ಹಾಗಿರಲಿಲ್ಲ, ಇಡಿಯಾಗಿ ತೆಗೆದು ಹೊಸದು ಹಾಕಬೇಕು. ಅದು ಒಳ್ಳೆಯ ಪದ್ಧತಿ, ತಪ್ಪು ಕಡಿಮೆ. ಆದರೂ ನಾನು ಯಾರೂ ಇಲ್ಲದಾಗ ಸುತ್ತಿಗೆಯ ಹಿಡಿಯನ್ನು ಬಾಕ್ಸಿಗೆ ಆನಿಸಿ ಕೇಳುತ್ತಿದ್ದೆ. ಪರದೆ ಹೇಳುವುದಕ್ಕೆ ಮುಂಚೆ ನನಗೆ ಗೊತ್ತಾಗುತ್ತದೆಯೇ ಎಂದಲ್ಲ. ಮೇಸ್ತ್ರಿ ಪಕ್ಕದಲ್ಲಿ ನಿಂತ ಹಾಗೆ ಆಗುತ್ತಿತ್ತು, ಅದಕ್ಕೆ.

ನಿವೃತ್ತನಾದ ಮೇಲೆ ಗುಬ್ಬಿಯಿಂದ ಫೋನ್ ಬಂತು. ಚನ್ನಬಸಪ್ಪನವರ ಮಗಳು ಶೋಭಾ. ತಂದೆಯ ನಂತರ ಕೊಬ್ಬರಿ ಮಂಡಿ ನಡೆಸುತ್ತಿರುವವರು ಅವರೇ.

"ಸಿದ್ಲಿಂಗಣ್ಣ, ಶೆಡ್ಡಲ್ಲಿ ಅಪ್ಪಾಜಿ ಮಿಲಿಟರಿ ಲಾರಿ ಹಂಗೇ ಇದೆ. ಗುಜರಿಯವ್ರು ದಿನಾ ಬಂದು ಕೇಳ್ತಾರೆ. ಕೊಡಕ್ಕೆ ಮನಸ್ಸು ಬರ್ತಿಲ್ಲ. ಓಡೋ ಹಂಗೆ ಮಾಡ್ಕೊಡ್ತೀರಾ?"

ಮಾಡುತ್ತೇನೆ ಎಂದೆ. ಎಂಜಿನ್ನಿನ ಕೆಲಸವನ್ನು ಬೇರೆಯವರು ಒಪ್ಪಿಕೊಂಡಿದ್ದರು, ಗೇರ್‌ಬಾಕ್ಸು ಮತ್ತು ಮರಿ ಬಾಕ್ಸು ನನ್ನದು. ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶೆಡ್ಡಿನಲ್ಲಿ ಕೊಬ್ಬರಿಯ ವಾಸನೆ, ಲಾರಿಯ ಮೇಲೆ ತೆಂಗಿನ ನಾರಿನ ಧೂಳು. ಗಾಡಿಯ ಅಡಿಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಧೂಳು ಒರೆಸಿದಲ್ಲೆಲ್ಲ ಹಸಿರು ಗೆರೆ. ಒಂದು ಬೋಲ್ಟಿನದೂ ಮುರಿದಿರಲಿಲ್ಲ. ನಾನು ಗ್ಯಾರೇಜಿಗೆ ಸೇರುವ ಮುಂಚೆ ಆ ಮರಿ ಬಾಕ್ಸನ್ನು ಬಿಚ್ಚಿ ಕಟ್ಟಿದವರು ಮೇಸ್ತ್ರಿ. ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಕೆರೆಯ ದಾರಿಯಲ್ಲಿ ಟಕ್ ಎಂದ ಸದ್ದಿಗೆ ಕಾರಣ ಏನೇ ಇರಲಿ, ಅದು ಇದರೊಳಗೇ ಇತ್ತು.

ಬಾಕ್ಸನ್ನು ಚೈನ್ ಬ್ಲಾಕಿನಲ್ಲಿ ಇಳಿಸಿ ಹಲಗೆಯ ಮೇಲೆ ಕೂರಿಸಿದೆ. ಎಣ್ಣೆ ಜೋನಿಬೆಲ್ಲದ ಹಾಗೆ ಇಳಿಯಿತು. ಮೇಲಿನ ಮುಚ್ಚಳ ತೆಗೆದಾಗ ಗೇರುಗಳು ಚೆನ್ನಾಗಿಯೇ ಇದ್ದವು. ಗಿಡ್ಡ ಲಿವರು ಆಡಿಸುವ ಜಾರು ಗೇರಿನ ಹಲ್ಲುಗಳ ಅಂಚು ಮಾತ್ರ ಸವೆದು ದುಂಡಗಾಗಿತ್ತು. ಹಲ್ಲು ದುಂಡಗಾದರೆ ಭಾರ ಬಿದ್ದಾಗ ಒಂದನ್ನೊಂದು ತಳ್ಳಿ ಕಳಚಿಕೊಳ್ಳಲು ನೋಡುತ್ತವೆ. ಹಾಗಾಗದಂತೆ ತಡೆಯುವುದು ಒಂದು ಉಕ್ಕಿನ ಗುಂಡು. ಲಿವರಿಗೆ ಸೇರಿದ ಸರಳಿನ ಕಚ್ಚಿನಲ್ಲಿ ಆ ಗುಂಡು ಕೂತಿರುತ್ತದೆ, ಅದನ್ನು ಒಂದು ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಆ ಸ್ಪ್ರಿಂಗಿನ ಮೇಲೆ ಒಂದು ತಿರುಪಿನ ಮುಚ್ಚಳ. ನಾನು ಆ ಮುಚ್ಚಳಕ್ಕೆ ಸ್ಪ್ಯಾನರ್ ಹಾಕಿ, ತಿರುಗಿಸದೆ ಕೈ ತೆಗೆದೆ. ಒಬ್ಬನೇ ಬಿಚ್ಚಬಾರದು ಅನ್ನಿಸಿತು. ಶೋಭಾರನ್ನು ಕರೆದು ಹಸಿರು ಗೆರೆ ತೋರಿಸಿದೆ. ಆಮೇಲೆ ನರಸಿಂಹಯ್ಯನಿಗೆ ಫೋನ್ ಮಾಡಿದೆ.

ಮರುದಿನ ಹೆಬ್ಬೂರಿನಿಂದ ಎರಡು ಬಸ್ಸು ಬದಲಿಸಿ ಬಂದ. ತಲೆ ಪೂರಾ ಬೆಳ್ಳಗಾಗಿತ್ತು. ಲಾರಿಯ ಸುತ್ತ ಒಂದು ಸಲ ಬಂದು, ಮೂತಿಯ ಮೇಲೆ ಕೈಯಾಡಿಸಿ, "ಇದೂ ನನ್ನಂಗೇ ಆಗೋಗೈತೆ" ಎಂದ. ಹತ್ತಿ ಕೂರು ಎಂದೆ. "ಬ್ಯಾಡ ಬುಡು" ಎಂದ.

ಅವನು, ಶೋಭಾ ಇಬ್ಬರೂ ನೋಡುತ್ತಿದ್ದಂತೆ ಮುಚ್ಚಳ ತಿರುಗಿಸಿದೆ. ಇಂಥ ಕಡೆ ಸ್ಪ್ರಿಂಗು ಬಿಗಿಯಾಗಿದ್ದರೆ ಕೊನೆಯ ಸುತ್ತಿಗೆ ಮುಚ್ಚಳವೇ ಕೈಯನ್ನು ಮೇಲಕ್ಕೆ ತಳ್ಳಬೇಕು. ಇದು ತಳ್ಳಲಿಲ್ಲ. ಸಡಿಲವಾಗಿ ಬಂತು. ಒಳಗಿದ್ದದ್ದು ಆ ಬಾಕ್ಸಿನ ಸ್ಪ್ರಿಂಗಲ್ಲ. ಬೇರೆ ಯಾವುದೋ ಎಂಜಿನ್ನಿನ ಡೀಸೆಲ್ ಪಂಪಿನ ತೆಳು ತಂತಿಯ ಸ್ಪ್ರಿಂಗು. ಉದ್ದ ಸಾಲದೆ ಅದರ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಕೊಟ್ಟಿತ್ತು. ಆ ದಿನ ಇಳಿಜಾರಿನ ಭಾರಕ್ಕೆ ಈ ಸ್ಪ್ರಿಂಗು ಗುಂಡನ್ನು ಹಿಡಿದಿಡಲಾರದೆ, ಹಾಕಿದ್ದ ಗೇರು ಟಕ್ಕೆಂದು ಕಳಚಿ, ಗಿಡ್ಡ ಲಿವರು ತಾನಾಗಿಯೇ ನ್ಯೂಟ್ರಲಿಗೆ ಬಂದಿತ್ತು.

ನಾನು ಬಿಲ್ಲೆಯನ್ನು ನರಸಿಂಹಯ್ಯನ ಅಂಗೈಗೆ ಹಾಕಿದೆ. ಅವನು ಬೆರಳಲ್ಲಿ ತಿರುವಿದ. ಪಕ್ಕದಲ್ಲಿದ್ದ ಸೀಮೆಎಣ್ಣೆ ಟ್ರೇಯಲ್ಲಿ ಅದ್ದಿ, ಬ್ರಷ್ ಹಾಕಿ, ಪಂಚೆಯ ಅಂಚಿನಲ್ಲಿ ಒರೆಸಿ, ಬಟ್ಟೆಯ ಮೇಲೆ ಇಟ್ಟ. ಆಮೇಲೆ ಬೆಚ್ಚಿ ನನ್ನ ಮುಖ ನೋಡಿದ.

"ಸಾಕ್ಷಿನೇ ತೊಳ್ದಾಕ್ಬುಟ್ನಲ್ಲೋ."

"ಏನೂ ಆಗಿಲ್ಲ. ನಾವೆಲ್ಲ ನೋಡಿದೀವಲ್ಲ."

ತೊಳೆದ ಬಿಲ್ಲೆಯ ಮೇಲೆ ಅಡ್ಡಗೀಟಿನ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಇಂಥ ಬಿಲ್ಲೆಗಳನ್ನು ಎಷ್ಟು ತೊಳೆದಿದ್ದಾನೋ ಅವನು. ಗುರುತು ಯಾರದೆಂದು ನಾನು ಹೇಳಬೇಕಾಗಿರಲಿಲ್ಲ. ಅವನು ಅಲ್ಲೇ ಕೊಬ್ಬರಿ ಚೀಲದ ಮೇಲೆ ಕೂತ.

"ಮೇಸ್ತ್ರಿಗೆ ಗೊತ್ತಿತ್ತೇನೋ ಸಿದ್ಲಿಂಗ?"

"ಬಿಚ್ಚಿ ನೋಡ್ಲಿಲ್ಲ ಅವ್ರು. ನೋಡಿದ್ರೆ ಹಸಿರು ಗೆರೆ ಮುರಿದಿರ್ತಿತ್ತು."

"ನಾನು ಕೇಳಿದ್ದು ಅದಲ್ಲ."

ನಾನು ಸ್ಪ್ರಿಂಗನ್ನು ಬಿಲ್ಲೆಯ ಪಕ್ಕದಲ್ಲಿ ಇಟ್ಟೆ. ಅವನು ಬಿಲ್ಲೆಯ ಕಡೆ ನೋಡಿ, "ಬದುಕಿದ್ರೆ ಒಂದು ಮಾತು ಕೇಳ್ತಿದ್ದೆ. ಬೈಯಕ್ಕಲ್ಲ. ಕೇಳ್ತಿದ್ದೆ ಅಷ್ಟೇ" ಎಂದ. ಆಮೇಲೆ, "ಅಕ್ಕಂಗೆ ಹೇಳು. ಭಾವಂಗೆ ಹೇಳು. ನಾನು ಲಿವರು ಹಾಕಿದ್ದೆ ಅಂತ ಹೇಳು. ಮೇಸ್ತ್ರಿ ಹೆಸ್ರು ಮಾತ್ರ ತರಬ್ಯಾಡ."

ಶೋಭಾ ತಮ್ಮ ಕಾರಿನಲ್ಲಿ ನನ್ನನ್ನು ಕೊತ್ತಗೆರೆಗೆ ಕರೆದುಕೊಂಡು ಹೋದರು. ಹನುಮಂತರಾಯಪ್ಪನವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಗೌರಮ್ಮ ನೀರು ತಂದು ಕೊಟ್ಟು ಬಾಗಿಲಿಗೆ ಒರಗಿ ನಿಂತರು. ನಾನು ಇಲ್ಲಿ ಬರೆದ ಹಾಗೆಯೇ, ಎಲ್ಲಿ ನಿಂತಿದ್ದೆ ಎಂಬುದರಿಂದ ಶುರುಮಾಡಿ, ಸ್ಪ್ರಿಂಗಿನವರೆಗೆ ಹೇಳಿದೆ. ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

"ಯಾರ್ ಹಾಕಿದ್ದು ಆ ಸ್ಪ್ರಿಂಗು?" ಎಂದರು ಹನುಮಂತರಾಯಪ್ಪ.

"ಅವ್ರು ಈಗಿಲ್ಲ."

ಅವರು ಕೈಗೋಲನ್ನು ಎತ್ತಿ ಅದರ ಬುಡವನ್ನು ನನ್ನ ಕಡೆ ತಿರುಗಿಸಿದರು. ಕೋಲು ಸವೆಯದ ಹಾಗೆ ಬುಡಕ್ಕೆ ಹಿತ್ತಾಳೆಯ ಟೊಪ್ಪಿಗೆ ತೊಡಿಸಿತ್ತು. "ಪುಟ್ಟಾಚಾರ್ರು ಪ್ರತಿ ಸಂಕ್ರಾಂತಿಗೂ ಬರೋರು. ಕೂತು ಮಾತಾಡೋರಲ್ಲ. ಕೋಲು ಇಸ್ಕಂಡು, ಹಿತ್ತಾಳೆ ಸವೆದಿದ್ರೆ ಹೊಸದು ಹಾಕ್ಕೊಟ್ಟು ಹೋಗೋರು. ನಾನೂ ಯಾಕ್ ಬರ್ತಾರೋ ಅಂದ್ಕೊಂತಿದ್ದೆ" ಎಂದರು. ಟೊಪ್ಪಿಗೆಯ ಮೇಲೆ ಅದೇ ಅಡ್ಡಗೀಟು. ನಾನು ಹೆಸರು ಹೇಳಲಿಲ್ಲ. ಹೇಳುವುದು ಉಳಿದಿರಲಿಲ್ಲ.

ಮುಂದಿನ ಕೆಲಸ ನಿಧಾನವಾಗಿ ಮಾಡಿದೆ. ದುಂಡಗಾದ ಹಲ್ಲುಗಳಿಗೆ ವೆಲ್ಡಿಂಗ್ ತುಂಬಿಸಿ ಲೇತಿನವರ ಹತ್ತಿರ ಕಡೆಸಿದೆ. ಬೇರಿಂಗು, ಸೀಲು ಎಲ್ಲ ಹೊಸದು. ಮೂಲ ಅಳತೆ ಹಿಡಿದು ಬೆಂಗಳೂರಿನಲ್ಲಿ ಸ್ಪ್ರಿಂಗು ಮಾಡಿಸಿ ತಂದೆ. ಹ್ಯಾಂಡ್ ಬ್ರೇಕನ್ನೂ ಸರಿಮಾಡಿದೆ. ನರಸಿಂಹಯ್ಯ ದಿನವೂ ಬಂದು ಟ್ರೇ ಮುಂದೆ ಕೂತ. ಬಾಕ್ಸು ಮುಚ್ಚುವ ದಿನ ಹಸಿರು ಪೇಂಟು ಅವನೇ ತಂದಿದ್ದ. ಇಬ್ಬರೂ ಸೇರಿ ಎಳೆದ ಗೆರೆ ಸೊಟ್ಟಗಾಯಿತು. "ಮೇಸ್ತ್ರಿ ಇದ್ದಿದ್ರೆ ಅಳಿಸಿ ಮತ್ತೆ ಎಳಿ ಅನ್ನೋರು" ಎಂದ. ಎಂಜಿನ್ ಶುರುವಾದಾಗ ನಾನು ಸುತ್ತಿಗೆಯ ಹಿಡಿಯನ್ನು ಬಾಕ್ಸಿಗೆ ಆನಿಸಿ ಕಿವಿಗೆ ಒತ್ತಿದೆ. ಆಮೇಲೆ ಅವನಿಗೆ ಕೊಟ್ಟೆ. ಅವನು ತುಂಬಾ ಹೊತ್ತು ಕೇಳಿದ. ಯಾವ ಬೇರಿಂಗೂ ಅಳುತ್ತಿರಲಿಲ್ಲ.

ಅದನ್ನು ಕೆರೆಗೆ ಒಯ್ಯಬೇಕು ಎಂದದ್ದು ನರಸಿಂಹಯ್ಯ. ಓಡಿಸಿದವನೂ ಅವನೇ. ಗೇರು ಬದಲಿಸುವಾಗ ಅವನ ತುಟಿ ಅಲುಗುತ್ತಿತ್ತು. ಕೆರೆಯಲ್ಲಿ ಈ ಸಲ ಅರ್ಧ ನೀರಿತ್ತು. ಗಾಡಿದಾರಿ ಹಾಗೇ ಇತ್ತು. ಶೋಭಾ ಕಾರಿನಲ್ಲಿ ನಮ್ಮ ಹಿಂದೆ ಬಂದಿದ್ದರು, ಹನುಮಂತರಾಯಪ್ಪ, ಗೌರಮ್ಮ ಬಂದು ಏರಿಯ ಮೇಲೆ ನಿಂತಿದ್ದರು. ಗೌರಮ್ಮ ತಮ್ಮನನ್ನು ನೋಡಿದರು, ಅವನು ಸ್ಟೀರಿಂಗನ್ನು ನೋಡಿದ.

ಲಾರಿಯನ್ನು ಅದೇ ಜಾಗದಲ್ಲಿ, ಮೂತಿ ಏರಿಯ ಕಡೆ ಮಾಡಿ ನಿಲ್ಲಿಸಿದ. ನಾನು ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ನಿಂತಿದ್ದ ಜಾಗಕ್ಕೇ ಹೋಗಿ ನಿಂತೆ. ಅವನ ಭುಜ ಆಳವಾಗಿ ಬಗ್ಗಿತು, ಆಮೇಲೆ ಸ್ವಲ್ಪ. ಎಂಜಿನ್ ನಿಂತಿತು. ಹ್ಯಾಂಡ್ ಬ್ರೇಕು ಎಳೆಯದೆ ಅವನು ಇಳಿದು, ಬಗ್ಗಿ, ಕಲ್ಲುಗಳನ್ನು ತಾನೇ ತೆಗೆದ.

ಆಗ ಏರಿಯ ಮೇಲಿಂದ ಕೋಲಿನ ಸದ್ದು ಕೇಳಿತು. ಹನುಮಂತರಾಯಪ್ಪ ಇಳಿದು ಬರುತ್ತಿದ್ದರು. ಮಡಚದ ಕಾಲನ್ನು ಎಳೆಯುತ್ತ ನನ್ನನ್ನು ದಾಟಿ, ಲಾರಿಯ ಪಕ್ಕದಿಂದ ಹಿಂದಕ್ಕೆ ಹೋಗಿ, ಅದರ ಹಿಂಭಾಗಕ್ಕೆ ಎದುರಾಗಿ ನಿಂತರು. ಆ ದಿನ ಅವರು ನಿಂತಿದ್ದ ಜಾಗ.

"ಭಾವ, ಸರ್ಕಳ್ಳಿ ಅತ್ಲಾಗೆ!" ನರಸಿಂಹಯ್ಯ ಕಲ್ಲು ಎತ್ತಿಕೊಂಡು ಕಿರುಚಿದ.

"ಲಿವರು ಹಾಕಿದೀಯೇನ್ಲಾ?"

"ಹಾಕಿದೀನಿ ಭಾವ."

"ಮತ್ಯಾಕ್ ಸರ್ಕಳ್ಲಿ?"

ಅವರು ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತರು. ನಾನು ಕೈಗೆ ಸಿಕ್ಕ ಕಲ್ಲನ್ನು ಹಿಡಿದುಕೊಂಡಿದ್ದೆ. ಹೊಸಬರಿಗೆ ಹೇಳುತ್ತೇನೆ, ಎಷ್ಟೇ ಹೊಸ ಸ್ಪ್ರಿಂಗಿದ್ದರೂ ಹೀಗೆ ಯಾರನ್ನೂ ನಿಲ್ಲಗೊಡಬೇಡಿ. ನನ್ನ ಕಿವಿ ಆ ಟಕ್ ಸದ್ದಿಗೆ ಕಾಯುತ್ತಿತ್ತು. ಅದು ಬರಲಿಲ್ಲ. ಲಾರಿ ನಿಂತೇ ಇತ್ತು. ಗೌರಮ್ಮ ಏರಿಯಿಂದ ಇಳಿದು ಬಂದು, ತಮ್ಮನ ಕೈಯಲ್ಲಿದ್ದ ಕಲ್ಲನ್ನು ಇಸಿದುಕೊಂಡು, ತಾವೇ ಬಗ್ಗಿ ಚಕ್ರದಡಿಗೆ ಇಟ್ಟರು. "ಊಟ ಆರ್ತೈತೆ, ನಡಿ ಮನೀಗೆ" ಎಂದರು.

ಇದನ್ನು ಬರೆಯಲೇ ಎಂದು ನರಸಿಂಹಯ್ಯನನ್ನು ಕೇಳಿದೆ. ಮೇಸ್ತ್ರಿ ಹೆಸರನ್ನು ಬಿಟ್ಟು ಬರೆದರೆ ಕಂಡದ್ದನ್ನು ಬರೆದ ಹಾಗಾಗುವುದಿಲ್ಲ ಎಂದೆ. ಅವನು ಯೋಚಿಸಿ ಹೇಳಿದ: "ಬರಿ. ಸ್ಪ್ರಿಂಗು ಬರಿ. ಮುದ್ದೆ ಮುರಿದು ಇಟ್ಟಿದ್ದನ್ನೂ ಬರಿ."

ಎರಡನ್ನೂ ಬರೆದಿದ್ದೇನೆ. ಮೊದಲ ದಿನ ಆ ಗಾಡಿದಾರಿಯಲ್ಲಿ ಕೂಗಿಗೆ ಮುಂಚೆ ಇದ್ದವರಲ್ಲಿ ಈಗ ಬದುಕಿರುವವರು ನಾನು ಬಿಟ್ಟರೆ ಇಬ್ಬರು: ಹೆಬ್ಬೂರಿನ ನರಸಿಂಹಯ್ಯ, ಕೊತ್ತಗೆರೆಯ ಹನುಮಂತರಾಯಪ್ಪ. ಬಿಲ್ಲೆಯನ್ನು ತೆಗೆದಾಗ ನೋಡಿದವರು ಗುಬ್ಬಿಯ ಶೋಭಾ. ಎರಡನೆಯ ಸಲ ಅದೇ ಜಾಗದಲ್ಲಿ ಲಾರಿ ಅಲುಗದೆ ನಿಂತದ್ದನ್ನು ಇವರೆಲ್ಲರೂ ನೋಡಿದ್ದಾರೆ, ಗೌರಮ್ಮನೂ ನೋಡಿದ್ದಾರೆ. ಯಾರನ್ನು ಬೇಕಾದರೂ ಕೇಳಬಹುದು. ಕೇಳಲಾಗದವರು ಪುಟ್ಟಾಚಾರ್ ಮೇಸ್ತ್ರಿ ಒಬ್ಬರೇ.